ಸಣ್ಣ ಊರಿನ ಕೊಲೆ, ದೂರದೇಶದ ಒಳಸಂಚು: ‘ದಿ ವೈಟ್ ಲಯನೆಸ್’ ಕಾದಂಬರಿಯನ್ನು ಓದುವ ಕ್ರಮ

1992ನೆಯ ಇಸವಿಯ ಏಪ್ರಿಲ್ 24, ಶುಕ್ರವಾರ, ಅಪರಾಹ್ನ ಮೂರು ಗಂಟೆ ಕಳೆದ ಮೇಲೆ, ಸ್ವೀಡನ್ನಿನ ದಕ್ಷಿಣ ತುದಿಯಲ್ಲಿರುವ ಸ್ಕುರುಪ್ ಎಂಬ ಸಣ್ಣ ಊರಿನ ಬ್ಯಾಂಕಿನಿಂದ ಹೊರಬಿದ್ದ ಲೂಯಿಸ್ ಓಕರ್‌ಬ್ಲೂಮ್ ಎಂಬಾಕೆ, ಮನೆ ನಿವೇಶನಗಳ ಮಾರಾಟದ ವ್ಯವಹಾರ ನಡೆಸುವವಳು, ಇಬ್ಬರು ಹೆಣ್ಣುಮಕ್ಕಳ ತಾಯಿ, ದೈವಭಕ್ತೆ, ಮಾರಾಟಕ್ಕೆ ಬಂದ ಮನೆಯೊಂದನ್ನು ನೋಡಲು ಹೋಗುತ್ತ ದಾರಿ ತಪ್ಪಿ, ದಾರಿ ಕೇಳುವುದಕ್ಕೆಂದು ಒಂಟಿಮನೆಯೊಂದರ ಅಂಗಳಕ್ಕೆ ಕಾಲಿಟ್ಟು, ಅಲ್ಲಿಯೇ ಗುಂಡಿಗೆ ಬಲಿಯಾಗುತ್ತಾಳೆ. ಯಾರಿಗೂ ಕೇಡು ಬಗೆಯದ ಈ ಹೆಂಗಸನ್ನು ಯಾರು, ಏಕೆ ಕೊಂದರೆಂಬ ಪ್ರಶ್ನೆಗೆ ಉತ್ತರವನ್ನರಸುತ್ತ ಹೊರಟ ಕಥೆಯು, ಭೂಮಿಯ ಇನ್ನೊಂದು ತುದಿಯ ದಕ್ಷಿಣ ಆಫ್ರಿಕಾದಲ್ಲಿ ನೆಲ್ಸನ್ ಮಂಡೇಲರನ್ನು ಹತ್ಯೆಗೈದು ಇಡೀ ದೇಶವನ್ನು ಅಂತರ್ಯುದ್ಧಕ್ಕೆ ನೂಕಬೇಕೆಂದು ಹೂಡಿದ ಒಂದು ಒಳಸಂಚಿನ ಬಾಗಿಲಿಗೆ ನಮ್ಮನ್ನು ಕೊಂಡೊಯ್ಯುತ್ತದೆ. ಹೆನಿಂಗ್ ಮ್ಯಾಂಕೆಲ್ ಎಂಬ ಸ್ವೀಡಿಷ್ ಲೇಖಕರು 1993ರಲ್ಲಿ ಪ್ರಕಟಿಸಿದ, 1998ರಲ್ಲಿ ಲಾರಿ ಥಾಂಪ್ಸನ್ ಅವರ ಭಾಷಾಂತರದಿಂದ ಇಂಗ್ಲಿಷಿಗೆ ಬಂದ ‘ದಿ ವೈಟ್ ಲಯನೆಸ್’ ಎಂಬ ಕಾದಂಬರಿ ಇದು.

ಕೊಲೆಯ ಕಥೆಯೆಂದು ಕೈಗೆತ್ತಿಕೊಂಡವರು, ನಡುವೆ ಆಫ್ರಿಕಾದ ರಾಜಕಾರಣ ಅಡ್ಡಬಂದಿತೆಂದು ಬೇಸರಪಟ್ಟು, ಆ ಪುಟಗಳನ್ನು ಹಾರಿಸಿಯೋ, ಪುಸ್ತಕವನ್ನೇ ಮುಚ್ಚಿಯೋ ಬಿಡುವುದುಂಟು. ಅದು ದೊಡ್ಡ ನಷ್ಟವೆಂದು ನಾನು ದೃಢವಾಗಿ ನಂಬಿದ್ದೇನೆ. ಸ್ವಲ್ಪ ಪೂರ್ವಸಿದ್ಧತೆಯಿಂದ ಓದಿದಲ್ಲಿ ಈ ಗ್ರಂಥವು ಬಹುಕಾಲ ಮನಸ್ಸಿನಲ್ಲಿ ನಿಲ್ಲುವಂತಹುದು. ಆ ಸಿದ್ಧತೆಯ ಕ್ರಮವನ್ನೇ ಇಲ್ಲಿ ಒಂದೊಂದಾಗಿ ವಿವರಿಸಿದೆ.

ಮೊದಲು ಎರಡು ಭೂಪಟ

ಪುಸ್ತಕವನ್ನು ತೆರೆಯುವ ಮುನ್ನ ಎರಡು ಭೂಪಟಗಳನ್ನು ಪಕ್ಕದಲ್ಲಿಟ್ಟುಕೊಳ್ಳತಕ್ಕದ್ದು. ಒಂದು, ಸ್ವೀಡನ್ನಿನ ತೆಂಕಣ ಪ್ರಾಂತವಾದ ಸ್ಕೋನೆಯದು: ಅದರಲ್ಲಿ ಬಾಲ್ಟಿಕ್ ಸಮುದ್ರದ ದಡದ ಈಸ್ಟಾಡ್ ಪಟ್ಟಣವನ್ನೂ, ಅದರ ಪಶ್ಚಿಮಕ್ಕಿರುವ ಸ್ಕುರುಪನ್ನೂ, ಇನ್ನೂ ಮುಂದಕ್ಕೆ ಮಾಲ್ಮೋ ನಗರವನ್ನೂ ಗುರುತಿಸಿಕೊಳ್ಳಿರಿ. ಈಸ್ಟಾಡಿನ ಬಂದರಿನಿಂದ ಪೋಲೆಂಡಿಗೂ, ಡೆನ್ಮಾರ್ಕಿಗೆ ಸೇರಿದ ಬಾರ್ನ್‌ಹಾಮ್ ದ್ವೀಪಕ್ಕೂ ಹಡಗುಗಳು ಹೋಗಿಬರುತ್ತವೆ. ಹೊಲಗದ್ದೆಗಳ ನಡುವೆ ನಿದ್ರಿಸುವಂತೆ ತೋರುವ ಈ ಊರು ವಾಸ್ತವದಲ್ಲಿ ಒಂದು ಗಡಿಯೂರು. ಇನ್ನೊಂದು, ದಕ್ಷಿಣ ಆಫ್ರಿಕಾದ ಭೂಪಟ: ಜೊಹಾನ್ಸ್‌ಬರ್ಗ್, ಪ್ರಿಟೋರಿಯಾ, ಅಲ್ಲಿಂದ ರಸ್ತೆಯ ದಾರಿಯಲ್ಲಿ ಸುಮಾರು 1,400 ಕಿಲೋಮೀಟರು ದೂರದ ಕೇಪ್‌ಟೌನ್, ಇಷ್ಟು ಸಾಕು.

ಒಂದು ಹಾಳೆಯಷ್ಟು ಇತಿಹಾಸ

ಎರಡನೆಯ ಹೆಜ್ಜೆಯೇ ಮುಖ್ಯವಾದುದು. ಒಂದು ಹಾಳೆಯನ್ನು ತೆಗೆದುಕೊಂಡು ಕೆಲವು ಇಸವಿಗಳನ್ನು ಬರೆದಿಟ್ಟುಕೊಳ್ಳಿರಿ. ಕಥೆಯ ಅರ್ಧದಷ್ಟು ಉದ್ವೇಗವು ಆ ಇಸವಿಗಳಲ್ಲಿಯೇ ಅಡಗಿದೆ.

ಮೊದಲು 1918 ಎಂದು ಬರೆಯಿರಿ. ಆ ವರ್ಷ ಜೊಹಾನ್ಸ್‌ಬರ್ಗಿನಲ್ಲಿ ಆಫ್ರಿಕಾನರ್ ಎಂಬ ಬಿಳಿಯ ಜನಾಂಗದ ಕೆಲವು ತರುಣರು ಸೇರಿ ಕಟ್ಟಿದ ಸಂಘವೇ ಮುಂದೆ ಬ್ರೂಡರ್‌ಬಾಂಡ್ ಎಂಬ ಗುಪ್ತಸಂಘವಾಗಿ ಬೆಳೆಯಿತು. 1948ರಲ್ಲಿ ನ್ಯಾಷನಲ್ ಪಕ್ಷವು ಅಧಿಕಾರಕ್ಕೆ ಬಂದು ವರ್ಣಭೇದ ನೀತಿಯನ್ನು ಶಾಸನವಾಗಿ ಮಾಡಿದಂದಿನಿಂದ 1994ರ ವರೆಗೆ ಆ ದೇಶವನ್ನಾಳಿದ ಮುಖ್ಯಸ್ಥರೆಲ್ಲರೂ ಈ ಸಂಘದ ಸದಸ್ಯರಾಗಿದ್ದವರೇ. ಕಾದಂಬರಿಯ ಪೀಠಿಕಾ ಪ್ರಕರಣ ನಡೆಯುವುದು ಈ 1918ರಲ್ಲಿ. ಕಥೆಗೆ ಸಂಬಂಧವಿಲ್ಲದ್ದೆಂದು ಭಾವಿಸಿ ಅದನ್ನು ಬಿಟ್ಟು ಮುಂದುವರಿಯಬಾರದು. ಅದೇ ವರ್ಷದ ಜುಲೈ 18ರಂದು ಟ್ರಾನ್ಸ್‌ಕೈ ಪ್ರದೇಶದ ಮ್ವೇಜೊ ಎಂಬ ಹಳ್ಳಿಯಲ್ಲಿ ಮಂಡೇಲರು ಜನಿಸಿದರು ಎಂಬುದನ್ನೂ ಅದರ ಪಕ್ಕದಲ್ಲಿ ಬರೆದುಕೊಂಡರೆ, ಹಂತಕರ ಹಿಂದಿರುವ ಈ ಸಂಘವೂ ಅವರ ಗುರಿಯಾದ ವ್ಯಕ್ತಿಯೂ ಒಂದೇ ವಯಸ್ಸಿನವರೆಂಬುದು ತಾನಾಗಿ ಕಣ್ಣಿಗೆ ಬೀಳುತ್ತದೆ.

ತರುವಾಯ 1990: ಫೆಬ್ರುವರಿ 2ರಂದು ಅಧ್ಯಕ್ಷ ಡಿ ಕ್ಲರ್ಕ್ ಅವರು ಮಂಡೇಲರ ಪಕ್ಷವಾದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಮೇಲಣ ನಿಷೇಧವನ್ನು ತೆಗೆದರು, 11ರಂದು ಮಂಡೇಲರು 27 ವರ್ಷಗಳ ಸೆರೆವಾಸದಿಂದ ಹೊರಬಂದರು. ನಮ್ಮ ಸರ್ಕಾರ ಅವರಿಗೆ ಭಾರತರತ್ನವನ್ನಿತ್ತು ಗೌರವಿಸಿದ್ದೂ ಆ ವರ್ಷವೇ. ಅನಂತರ 1991ರ ಡಿಸೆಂಬರ್: ಸೋವಿಯತ್ ಒಕ್ಕೂಟ ವಿಸರ್ಜನೆಗೊಂಡಿತು, ಕೆಜಿಬಿ ಎಂಬ ಅದರ ಗೂಢಚಾರ ಸಂಸ್ಥೆ ಒಡೆದುಹೋಯಿತು, ಕೊಲ್ಲುವ ವಿದ್ಯೆಯೊಂದನ್ನೇ ಬಲ್ಲ ಅನೇಕರು ಒಡೆಯನಿಲ್ಲದವರಾದರು. ಕಾದಂಬರಿಯ ಕೊನೊವಾಲೆಂಕೊ ಅಂಥವರಲ್ಲೊಬ್ಬ. ಕಡೆಯದಾಗಿ 1992ರ ಮಾರ್ಚ್ 17: ವರ್ಣಭೇದವನ್ನು ಕೊನೆಗಾಣಿಸುವ ಸಂಧಾನ ಮುಂದುವರಿಯಬೇಕೇ ಎಂದು ಬಿಳಿಯರನ್ನು ಮಾತ್ರ ಕೇಳಿದ ಜನಮತಗಣನೆಯಲ್ಲಿ ಶೇಕಡ 68ಕ್ಕೂ ಹೆಚ್ಚು ಮಂದಿ ಆಗಬಹುದೆಂದರು. ಮತಪೆಟ್ಟಿಗೆಯ ದಾರಿ ಮುಚ್ಚಿಹೋದ ಉಗ್ರವಾದಿಗಳಿಗೆ ಉಳಿದುದು ಬಂದೂಕಿನ ದಾರಿಯೊಂದೇ. ಲೂಯಿಸ್ ದಾರಿ ತಪ್ಪುವುದು ಇದಾದ ಐದು ವಾರಗಳಿಗೆ. ಈ ಐದು ವಾರಗಳ ಅಂತರವನ್ನು ಗಮನಿಸದೆ ಓದಿದವರಿಗೆ ಸಂಚುಗಾರರ ಆತುರ ಅರ್ಥವಾಗುವುದಿಲ್ಲ.

ಮೊದಲ ಅಧ್ಯಾಯವನ್ನು ಎರಡು ಸಲ

ಈಗ ಪುಸ್ತಕಕ್ಕೆ ಕೈಹಾಕಬಹುದು. ಲೂಯಿಸ್ ಬರುವ ಮೊದಲ ಅಧ್ಯಾಯವನ್ನು ಒಮ್ಮೆ ಕಥೆಗಾಗಿ ಓದಿರಿ. ಮತ್ತೊಮ್ಮೆ ಅವಳಿಗಾಗಿ ಓದಿರಿ. ಆಕೆ ಏನು ಯೋಚಿಸುತ್ತಾಳೆ, ಯಾವ ತಿರುವಿನಲ್ಲಿ ಸಂಶಯಪಡುತ್ತಾಳೆ, ಹಿಂದಿರುಗಬಹುದಾಗಿದ್ದ ಯಾವ ಕ್ಷಣದಲ್ಲಿ ಮುಂದುವರಿಯುತ್ತಾಳೆ ಎಂಬುದನ್ನು ಗುರುತು ಹಾಕಿಕೊಳ್ಳಿರಿ. ಈ ಬಗೆಯ ಕಾದಂಬರಿಗಳ ಸಾಮಾನ್ಯ ದೋಷವೆಂದರೆ, ರಾಷ್ಟ್ರನಾಯಕರ ಹತ್ಯೆಯ ಸಂಚು ರಂಗಕ್ಕೆ ಬಂದೊಡನೆಯೇ ಮೊದಲು ಸತ್ತ ಬಡಜೀವವು ಒಂದು ನೆಪವಾಗಿ ಹಿಂದೆ ಸರಿದುಬಿಡುವುದು. ಮ್ಯಾಂಕೆಲ್ ಅವರು ಹಾಗಾಗಗೊಡುವುದಿಲ್ಲ. ಹೆಂಡತಿಯನ್ನು ಕಳೆದುಕೊಂಡ ಗಂಡನ ದುಃಖ, ಇನ್ನೂ ತಿಳಿವಳಿಕೆ ಬಾರದ ಮಕ್ಕಳಿಗೆ ಆತ ಹೇಳಬೇಕಾದ ಮಾತು, ಇವು ಕಥೆಯ ಮೇಲೆ ಕೊನೆಯವರೆಗೂ ಭಾರವಾಗಿ ಕುಳಿತಿರುತ್ತವೆ. ಮಂಡೇಲರ ಪ್ರಾಣಕ್ಕೆ ಬೆಲೆ ಕಟ್ಟುವವರು ಲೂಯಿಸಳ ಪ್ರಾಣಕ್ಕೆ ಬೆಲೆಯನ್ನೇ ಕಟ್ಟುವುದಿಲ್ಲ. ಅವಳನ್ನು ಕೊಂದುದು ಅವಳು ಯಾರೆಂಬ ಕಾರಣಕ್ಕಲ್ಲ, ಅಲ್ಲಿ ನಿಂತಿದ್ದಳೆಂಬ ಕಾರಣಕ್ಕೆ. ವರ್ಣಭೇದವೆಂಬ ವ್ಯವಸ್ಥೆಯೂ ಮನುಷ್ಯನನ್ನು ನೋಡಿದ್ದು ಇದೇ ಕಣ್ಣಿನಿಂದಲ್ಲವೇ? ಎರಡು ಕಥೆಗಳನ್ನು ಬೆಸೆಯುವ ಬೆಸುಗೆ ಇದೆಂದು ನನ್ನ ತಿಳಿವಳಿಕೆ. ಮುಂದಿನ ಪ್ರತಿಯೊಂದು ಅಧ್ಯಾಯವನ್ನೂ ಇದಕ್ಕೆ ಒರೆಹಚ್ಚಿ ನೋಡಬೇಕು.

ಟಿಪ್ಪಣಿಯ ಎರಡು ಅಂಕಣ

ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಬಾಲ್ಯದಲ್ಲಿ ಓದಿ ಬೆಳೆದ ಕನ್ನಡಿಗರಿಗೆ, ಕೊಲೆಗಾರ ಯಾರೆಂಬುದು ಕಡೆಯ ಪುಟಗಳವರೆಗೂ ರಹಸ್ಯವಾಗಿರಬೇಕೆಂಬ ನಿರೀಕ್ಷೆ ಸಹಜ. ಇಲ್ಲಿ ಆ ರಹಸ್ಯ ಬಲುಬೇಗ ಬಯಲಾಗುತ್ತದೆ. ಆದ್ದರಿಂದ ಓದುವ ಕ್ರಮವನ್ನೂ ಬದಲಾಯಿಸಿಕೊಳ್ಳಬೇಕು. ಟಿಪ್ಪಣಿ ಪುಸ್ತಕದ ಒಂದು ಹಾಳೆಯನ್ನು ನಡುವೆ ಗೆರೆಯೆಳೆದು ಎರಡಾಗಿ ಮಾಡಿ, ಎಡಗಡೆ ಕೊಲೆಯ ತನಿಖೆ ನಡೆಸುವ ಈಸ್ಟಾಡಿನ ಇನ್‌ಸ್ಪೆಕ್ಟರ್ ಕುರ್ಟ್ ವಲ್ಲಾಂಡರ್‌ಗೆ ಗೊತ್ತಿರುವುದನ್ನು, ಬಲಗಡೆ ಓದುಗರಾದ ನಮಗೆ ಗೊತ್ತಿರುವುದನ್ನು ಬರೆಯುತ್ತ ಹೋಗಿರಿ. ಕಾಣೆಯಾದ ಮಹಿಳೆ, ಸಮೀಪದಲ್ಲಿಯೇ ಸಿಡಿದು ಉರಿದುಹೋದ ಮನೆ, ಅಲ್ಲಿ ಸಿಕ್ಕಿದ ಕಪ್ಪು ಮನುಷ್ಯನೊಬ್ಬನ ಕತ್ತರಿಸಿದ ಬೆರಳು, ರೇಡಿಯೋ ಸಂದೇಶಯಂತ್ರದ ಅವಶೇಷ: ಇಷ್ಟು ಎಡಗಡೆ ಸೇರುವ ಹೊತ್ತಿಗೆ, ಯಾನ್ ಕ್ಲೈನ್ ಎಂಬ ಬೇಹುಗಾರಿಕೆಯ ಅಧಿಕಾರಿ ಸಂಚನ್ನು ಹೆಣೆದ ಬಗೆ, ವಿಕ್ಟರ್ ಮಬಾಷಾ ಎಂಬ ಕರಿಯ ಹಂತಕನನ್ನೇ ಆತ ಆರಿಸಿದ ಕಾರಣ, ತರಬೇತಿಗೆ ಸ್ವೀಡನ್ನಿನ ನಿರ್ಜನ ಮೂಲೆಯೊಂದನ್ನು ಗೊತ್ತುಮಾಡಿದ ಯುಕ್ತಿ, ಇವೆಲ್ಲ ಬಲಗಡೆ ಸೇರಿರುತ್ತವೆ. ಎರಡು ಅಂಕಣಗಳ ನಡುವಣ ಅಂತರ ಕಿರಿದಾಗುತ್ತ ಬರುವ ಪರಿಯನ್ನು ಕಾಣುವುದೇ ಈ ಕಾದಂಬರಿಯ ಸ್ವಾರಸ್ಯ.

ಮಂಡೇಲರು ಆ ವರ್ಷ ಹತರಾಗಲಿಲ್ಲವೆಂಬುದು ಲೋಕಕ್ಕೆಲ್ಲ ತಿಳಿದಿರುವಾಗ ಕುತೂಹಲಕ್ಕೆ ಎಡೆಯೆಲ್ಲಿ ಎಂದು ಕೇಳಬಹುದು. 1971ರಲ್ಲಿ ಫ್ರೆಡ್ರಿಕ್ ಫೋರ್ಸಿತ್ ಅವರು ‘ದಿ ಡೇ ಆಫ್ ದಿ ಜಾಕಲ್’ ಪ್ರಕಟಿಸಿದಾಗಲೂ, ಅದರ ಹಂತಕ ಗುರಿಯಿಟ್ಟ ಫ್ರಾನ್ಸಿನ ದ ಗಾಲ್ ಅವರು ಹಿಂದಿನ ವರ್ಷವಷ್ಟೇ ತಮ್ಮ ಮನೆಯಲ್ಲಿ ಸಹಜವಾಗಿ ತೀರಿಕೊಂಡಿದ್ದರು. ಆದರೂ ಓದುಗರು ಪುಸ್ತಕವನ್ನು ಕೆಳಗಿಡಲಿಲ್ಲ. ಆಗುವುದೋ ಇಲ್ಲವೋ ಎಂಬ ಪ್ರಶ್ನೆ ತೀರಿಹೋದೆಡೆಯಲ್ಲಿ ಹೇಗೆ ತಪ್ಪಿತು, ಯಾರು ತೆತ್ತರು ಎಂಬ ಪ್ರಶ್ನೆಗಳು ತಲೆಯೆತ್ತುತ್ತವೆ.

ಹಾರಿಸಬಾರದ ಪುಟಗಳು

ವಲ್ಲಾಂಡರನ ಖಾಸಗಿ ಬದುಕಿನ ಪುಟಗಳನ್ನು ಅನವಶ್ಯಕವೆಂದು ಬಗೆಯದಿರಿ. ಹೆಂಡತಿಯಿಂದ ದೂರವಾದವನು, ಗೀತನಾಟಕಗಳ ಸಂಗೀತವನ್ನು ಪ್ರೀತಿಸುವವನು, ಮಗಳು ಲಿಂಡಾಳೊಂದಿಗೆ ನೇರವಾಗಿ ಮಾತನಾಡಲಾರದವನು. ಆತನ ಮುದಿ ತಂದೆಯೋ ಜೀವಮಾನವೆಲ್ಲ ಒಂದೇ ನಿಸರ್ಗದೃಶ್ಯವನ್ನು, ಒಮ್ಮೆ ಕಾಡುಕೋಳಿಯೊಡನೆ, ಒಮ್ಮೆ ಅದಿಲ್ಲದೆ, ಮತ್ತೆ ಮತ್ತೆ ಚಿತ್ರಿಸುತ್ತ ಕುಳಿತವನು. ಬದಲಾವಣೆಯೇ ಇಲ್ಲದ ಆ ಚಿತ್ರವನ್ನೂ ದಿನದಿನಕ್ಕೆ ಗುರುತು ಸಿಕ್ಕದಂತೆ ಬದಲಾಗುತ್ತಿರುವ ಸ್ವೀಡನ್ನನ್ನೂ ಒಟ್ಟಿಗೆ ನೋಡಿರಿ.

ಕಥೆಯ ದುರ್ಬಲ ಭಾಗಗಳನ್ನು ಮರೆಮಾಚುವುದು ಸರಿಯಲ್ಲ. ಕೊನೊವಾಲೆಂಕೊ ಮನುಷ್ಯನಿಗಿಂತ ರಾಕ್ಷಸನಂತೆಯೇ ಹೆಚ್ಚು ಚಿತ್ರಿತನಾಗಿದ್ದಾನೆ. ಉತ್ತರಾರ್ಧದಲ್ಲಿ ವಲ್ಲಾಂಡರ್ ಒಬ್ಬಂಟಿಯಾಗಿ ನಡೆದುಕೊಳ್ಳುವ ರೀತಿ ಪೊಲೀಸ್ ಇಲಾಖೆಯ ಯಾವ ಶಿಸ್ತಿಗೂ ಒಗ್ಗುವಂತಹುದಲ್ಲ. ಮಬಾಷಾನ ಮನಸ್ಸಿನೊಳಗಿನ ಪಿತೃದೇವತೆಗಳ ಸಂವಾದವು ಹೊರಗಿನವನ ಊಹೆಯಂತೆ ತೋರುತ್ತದೆ. ಮ್ಯಾಂಕೆಲ್ ಅವರು 1980ರ ದಶಕದಿಂದಲೇ ನೆರೆಯ ಮೊಜಾಂಬಿಕ್ಕಿನ ಮಪುಟೊ ನಗರದಲ್ಲಿ ‘ತಿಯಾತ್ರೊ ಅವೆನಿದಾ’ ಎಂಬ ನಾಟಕ ಮಂದಿರವನ್ನು ನಡೆಸುತ್ತ ವರ್ಷದಲ್ಲಿ ಬಹಳ ಕಾಲವನ್ನು ಅಲ್ಲಿಯೇ ಕಳೆಯುತ್ತಿದ್ದವರಾದರೂ ಈ ಮಾತನ್ನು ಹೇಳದಿರಲಾರೆ. ಆದರೂ ತನ್ನನ್ನು ಬಾಡಿಗೆಗೆ ಕೊಂಡವರ ನಿಜಸ್ವರೂಪ ಮಬಾಷಾನಿಗೆ ಮೆಲ್ಲಮೆಲ್ಲನೆ ಅರಿವಾಗುವ ಪುಟಗಳು ಗ್ರಂಥದ ಅತ್ಯುತ್ತಮ ಪುಟಗಳಲ್ಲಿ ಸೇರುತ್ತವೆ. ಅಲ್ಲಿ ಓದಿನ ವೇಗವನ್ನು ತಗ್ಗಿಸಿರಿ.

ನಿಜವೆಷ್ಟು, ಕಲ್ಪನೆಯೆಷ್ಟು

ಓದಿ ಮುಗಿಸಿದ ಮೇಲೆ ಮಾಡಬೇಕಾದ ಕಾರ್ಯವಿದು. ಡಿ ಕ್ಲರ್ಕ್, ಮಂಡೇಲ, ಬ್ರೂಡರ್‌ಬಾಂಡ್ ವಾಸ್ತವ. ಕ್ಲೈನ್, ಮಬಾಷಾ, ಕೊನೊವಾಲೆಂಕೊ ಕಲ್ಪಿತರು. ಆದರೆ ಇಂಥ ಸಂಚು ಅಸಂಭವವೆಂದು ಭಾವಿಸುವವರು ಒಂದು ಘಟನೆಯನ್ನು ನೆನೆಯಬೇಕು. ಕಾದಂಬರಿ ಪ್ರಕಟವಾದ ವರ್ಷವೇ, 1993ರ ಏಪ್ರಿಲ್ 10ರಂದು, ಮಂಡೇಲರ ನಂತರದ ಜನಪ್ರಿಯ ನಾಯಕರಲ್ಲೊಬ್ಬರಾದ ಕ್ರಿಸ್ ಹಾನಿ ಅವರನ್ನು ಬೊಕ್ಸ್‌ಬರ್ಗಿನ ಅವರ ಮನೆಯ ಮುಂದೆಯೇ ಯಾನುಷ್ ವಾಲುಷ್ ಎಂಬ ಪೋಲೆಂಡಿನ ವಲಸೆಗಾರನು ಗುಂಡಿಕ್ಕಿ ಕೊಂದನು. ಅವನಿಗೆ ಪಿಸ್ತೂಲನ್ನು ಒದಗಿಸಿದವರು ಕನ್ಸರ್ವೇಟಿವ್ ಪಕ್ಷದ ರಾಜಕಾರಣಿ ಕ್ಲೈವ್ ಡರ್ಬಿ-ಲೂಯಿಸ್. ಕೊಲೆಗಾರನ ಮನೆಯಲ್ಲಿ ಸಿಕ್ಕಿದ ಹೆಸರುಗಳ ಪಟ್ಟಿಯಲ್ಲಿ ಮಂಡೇಲರ ಹೆಸರೂ ಇದ್ದಿತು. ಪೂರ್ವ ಯೂರೋಪಿನಿಂದ ಬಂದ ಬಂದೂಕುಧಾರಿ, ಹಿಂದೆ ನಿಂತ ಬಿಳಿಯ ರಾಜಕಾರಣಿ, ದೇಶವನ್ನು ರಕ್ತದಲ್ಲಿ ಮುಳುಗಿಸುವ ಹವಣಿಕೆ: ಕಾದಂಬರಿಕಾರನ ಊಹೆ ಎಷ್ಟು ಹತ್ತಿರದಲ್ಲಿತ್ತೆಂಬುದು ಮೈನಡುಗಿಸುತ್ತದೆ. ಆ ಸಂಚು ಫಲಿಸದಂತಾದುದು ಯಾವ ಗೂಢಚಾರನಿಂದಲೂ ಅಲ್ಲ. ಕಾರಿನ ನಂಬರನ್ನು ಗಮನಿಸಿ ಪೊಲೀಸರಿಗೆ ತಿಳಿಸಿದ ನೆರೆಮನೆಯ ಆಫ್ರಿಕಾನರ್ ಮಹಿಳೆಯೊಬ್ಬಳಿಂದ. ಮಂಡೇಲರು ಆ ದಿನಗಳಲ್ಲಿ ದೂರದರ್ಶನದಲ್ಲಿ ಕೆರಳಿದ ಜನರನ್ನು ಶಾಂತಗೊಳಿಸುತ್ತ, ಕೊಂದವನೂ ಬಿಳಿಯ, ಅವನನ್ನು ಹಿಡಿದುಕೊಟ್ಟವಳೂ ಬಿಳಿಯಳೆಂಬುದನ್ನು ಮುಂದಿಟ್ಟರು. ಮುಂದಿನ ವರ್ಷ ಏಪ್ರಿಲ್ 27ರಂದು ಎಲ್ಲ ವರ್ಣದವರೂ ಮತ ಹಾಕಿದ ಮೊದಲ ಚುನಾವಣೆ ನಡೆಯಿತು.

ಇನ್ನು ಸ್ವೀಡನ್ನಿಗೂ ಈ ವಿಷಯಕ್ಕೂ ಏನು ನಂಟೆಂದರೆ, 1986ರ ಫೆಬ್ರುವರಿ 28ರ ರಾತ್ರಿ ಸ್ಟಾಕ್‌ಹೋಮಿನ ಬೀದಿಯಲ್ಲಿ ಪತ್ನಿಯೊಡನೆ ನಡೆದುಹೋಗುತ್ತಿದ್ದ ಪ್ರಧಾನಿ ಉಲೋಫ್ ಪಾಲ್ಮೆ ಅವರು ಹತರಾದರು. ಅದಕ್ಕೆ ಒಂದು ವಾರ ಮೊದಲಷ್ಟೇ ಅವರು ವರ್ಣಭೇದವಿರೋಧಿ ಸಮ್ಮೇಳನದಲ್ಲಿ ಉಗ್ರವಾದ ಭಾಷಣ ಮಾಡಿದ್ದರು. ದಕ್ಷಿಣ ಆಫ್ರಿಕಾದ ಕೈವಾಡವಿರಬಹುದೆಂಬ ಶಂಕೆ ತನಿಖೆಯಲ್ಲಿ ಮತ್ತೆ ಮತ್ತೆ ತಲೆಯೆತ್ತಿತಾದರೂ ರುಜುವಾಗಲಿಲ್ಲ. ಅದೇ ವರ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಸ್ಟಾಕ್‌ಹೋಮ್ ಕಚೇರಿಯಲ್ಲಿ ಬಾಂಬು ಸಿಡಿಯಿತು. ಮ್ಯಾಂಕೆಲ್ ಅವರ ಮೊದಲ ಓದುಗರಿಗೆ ಇವೆಲ್ಲ ನೆನಪಿನಲ್ಲಿ ಹಸಿಯಾಗಿದ್ದವು. ನಾವು ಹುಡುಕಿ ತಿಳಿದುಕೊಳ್ಳಬೇಕು, ಅಷ್ಟೇ.

ಮುಂದೇನು

ವಲ್ಲಾಂಡರ್ ಮಾಲಿಕೆಯಲ್ಲಿ ಇದು ಮೂರನೆಯ ಕಾದಂಬರಿ. ಇದೇ ಬಗೆಯ ಇನ್ನೊಂದು ಬೇಕೆನಿಸಿದರೆ ಇದರ ಹಿಂದಿನ, 1992ರ ‘ದಿ ಡಾಗ್ಸ್ ಆಫ್ ರೀಗಾ’ ಓದಬಹುದು. ಈಸ್ಟಾಡಿನ ಬಳಿಯ ಕಡಲತಡಿಗೆ ಎರಡು ಶವಗಳನ್ನು ಹೊತ್ತ ರಬ್ಬರು ದೋಣಿಯೊಂದು ತೇಲಿಬರುವುದರೊಂದಿಗೆ ತೊಡಗುವ ಆ ಕಥೆ, ಸೋವಿಯತ್ ಹಿಡಿತದಿಂದ ಬಿಡಿಸಿಕೊಳ್ಳಲೆಳಸುತ್ತಿದ್ದ ಲಾಟ್ವಿಯಾಕ್ಕೆ ಒಯ್ಯುತ್ತದೆ. 1991ರ ‘ಫೇಸ್‌ಲೆಸ್ ಕಿಲ್ಲರ್ಸ್’ ಮೊದಲನೆಯದು. ಕ್ರಮವಾಗಿ ಓದಲು ಬಯಸುವವರು ಅಲ್ಲಿಂದ ಆರಂಭಿಸಲಿ. ಆದರೆ 1994ರ ‘ದಿ ಮ್ಯಾನ್ ಹೂ ಸ್ಮೈಲ್ಡ್’ ಪುಸ್ತಕವನ್ನು ‘ದಿ ವೈಟ್ ಲಯನೆಸ್’ ಮುಗಿಯುವವರೆಗೆ ತೆರೆಯಲೂ ಬೇಡಿ, ಅದರ ಹಿಂಬದಿಯ ರಕ್ಷಾಪುಟದ ಬರಹವನ್ನೂ ಓದಬೇಡಿ. ಇದರ ಕೊನೆಯಲ್ಲಿ ವಲ್ಲಾಂಡರನಿಗೆ ಒದಗುವ ಸಂಕಟವನ್ನು ಅದು ಮೊದಲಲ್ಲಿಯೇ ಹೇಳಿಬಿಡುತ್ತದೆ.