ಮನೆಯವರ ನೆನಪು: ಬೇಂದ್ರೆಯವರ ಬಾಳಿನಿಂದ ಒಂದು ಪಾಠ



ಸಂಘದ ಸದಸ್ಯೆಯೊಬ್ಬಳ ಗಂಡ ತೀರಿಕೊಂಡರೆ ನಾವೆಲ್ಲ ಹೋಗಿ ಮಾತಾಡಿಸಿ ಬರ್ತೀವಿ. ದಿನಕರ್ಮ ಮುಗೀತೈತಿ. ಗೋಡೆಗೆ ಫೋಟೋ ಬರ್ತೈತಿ, ಅದಕ್ಕೊಂದು ಮಾಲಿ. ಆಮೇಲೆ ಅವನ ಹೆಸರು ತೆಗೆದರೆ ಆಕಿ ಅಳ್ತಾಳ ಅಂತ ಎಲ್ಲರೂ ಸುಮ್ಮನಾಗ್ತೀವಿ. ಮಕ್ಕಳಿಗೆ ಅಪ್ಪನ ಫೋಟೋ ಉಳಿಯುತ್ತದೆ, ಅಪ್ಪ ಹೆಂಗ ಬಾಳಿದ ಅನ್ನೋದು ಉಳಿಯುವುದಿಲ್ಲ. ಈ ತಿಂಗಳು ಇದರ ಬಗ್ಗೆ ಕಲಿಯೋಣ.

ವರಕವಿ ದ.ರಾ. ಬೇಂದ್ರೆಯವರ ಹೆಸರು ನಾವೆಲ್ಲ ಕೇಳಿದ್ದೇವೆ. ಅವರ ಮನೆತನದ ಹಿರಿಯರು ನೆಲೆಸಿದ್ದು ನಮ್ಮ ಸೊರಟೂರಿಗೆ ದೂರವಲ್ಲದ ಶಿರಹಟ್ಟಿಯಲ್ಲಿ. ಬೇಂದ್ರೆಯವರು 1896ರ ಜನವರಿ 31ರಂದು ಧಾರವಾಡದಲ್ಲಿ ಹುಟ್ಟಿದರು. ಚಿಕ್ಕ ಹುಡುಗನಿದ್ದಾಗಲೇ ತಂದೆ ತೀರಿಕೊಂಡರು. ಮುಂದೆ ದೊಡ್ಡ ಕವಿಯಾದಾಗ ಅವರು ಇಟ್ಟುಕೊಂಡ ಹೆಸರು ‘ಅಂಬಿಕಾತನಯದತ್ತ’. ಅಂದರೆ ಅಂಬಿಕೆಯ ಮಗ ದತ್ತ. ಅಂಬಿಕೆ ಅಂದರೆ ಅವರ ತಾಯಿ. ಬರೆದ ಕವಿತೆಗಳ ಜೊತೆಗೆಲ್ಲ ಹೆತ್ತವ್ವನ ಹೆಸರು ನಿಂತಿತು.

1919ರಲ್ಲಿ ಲಕ್ಷ್ಮೀಬಾಯಿಯವರ ಜೊತೆ ಮದುವೆಯಾಯಿತು. ಸಂಸಾರ ಸುಖದ್ದಾಗಿರಲಿಲ್ಲ. ಬಡತನವಿತ್ತು. 1930ರ ದಶಕದ ಆರಂಭದಲ್ಲಿ ‘ನರಬಲಿ’ ಎಂಬ ಕವಿತೆಗಾಗಿ ಬ್ರಿಟಿಷ್ ಸರ್ಕಾರ ಅವರನ್ನು ಸೆರೆಮನೆಗೆ ಹಾಕಿತು. ಹೊರಗೆ ಬಂದ ಮೇಲೂ ಖಾಯಂ ನೌಕರಿ ಸಿಗದೆ ವರ್ಷಗಳು ಕಳೆದವು. ಆ ದಿನಗಳಲ್ಲಿ ಒಲೆ ಹೊತ್ತಿಸುವ ಚಿಂತೆ ಯಾರಿಗೆ ಹೆಚ್ಚು ಅನ್ನೋದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಎಲ್ಲಕ್ಕಿಂತ ದೊಡ್ಡ ದುಃಖವೆಂದರೆ ಹುಟ್ಟಿದ ಮಕ್ಕಳನ್ನು ಒಂದಾದ ಮೇಲೊಂದು ಕಳಕೊಂಡರು. ಕೊನೆಗೆ ಉಳಿದವರು ಮೂವರೇ.

ಇಂಥ ಕಷ್ಟದಾಗ ಎಷ್ಟೋ ಗಂಡಸರು ಬಾಯಿ ಕಟ್ಟಿಕೊಳ್ತಾರೆ, ಇಲ್ಲಾ ಮನೆ ಬಿಟ್ಟು ಹೊರಗೇ ತಿರುಗ್ತಾರೆ. ಬೇಂದ್ರೆಯವರು ಹೆಂಡತಿಯ ಎದುರು ಕೂತು ದುಃಖ ಹಂಚಿಕೊಂಡರು. 1937ರಲ್ಲಿ ಬಂದ ‘ಸಖೀಗೀತ’ ಅವರಿಬ್ಬರ ಸಂಸಾರದ ಕಥೆ. ಅದರಲ್ಲಿ ಹೆಂಡತಿಯನ್ನು ಸಖಿ, ಅಂದರೆ ಗೆಳತಿ ಎಂದು ಕರೆದರು. ಮನೆಯ ಬಡತನ, ಮಕ್ಕಳ ಸಾವು ಯಾವುದನ್ನೂ ಮುಚ್ಚಿಡಲಿಲ್ಲ. 1973ರ ಜ್ಞಾನಪೀಠ ಪ್ರಶಸ್ತಿ ‘ನಾಕು ತಂತಿ’ಗೆ ಬಂತು. 1981ರ ಅಕ್ಟೋಬರ್ 26ರಂದು ಅವರು ತೀರಿಕೊಂಡರು. ಆದರೂ ಆ ಮನೆಯಲ್ಲಿ ಗಂಡ ಹೆಂಡತಿ ಹೆಂಗ ಬಾಳಿದರು ಅನ್ನೋದು ಇವತ್ತಿಗೂ ನಮಗೆ ಗೊತ್ತು, ಯಾಕಂದರೆ ಅವರು ಅದನ್ನು ಹೇಳಿ ಹೋದರು.

ನಮ್ಮ ಮನೆಯವರು ಕವಿಗಳಲ್ಲ. ಅವರ ಬಾಳನ್ನು ಹೇಳಬೇಕಾದವರು ನಾವೇ. ಬಾಣಂತಿಗೆ ಬಿಸಿನೀರು ಕಾಯಿಸಿ ಕೊಟ್ಟವನು, ಬರಗಾಲದಾಗ ದುಡಿಯಲು ಗೋವಾಕ್ಕೆ ಹೋಗಿ ತಿಂಗಳು ತಿಂಗಳು ರೊಕ್ಕ ಕಳಿಸಿದವನು, ಮಗಳ ಸಾಲಿ ಬಿಡಿಸಬ್ಯಾಡ ಎಂದು ಹಟ ಹಿಡಿದವನು ನಮ್ಮ ಓಣಿಯಲ್ಲೂ ಇದ್ದಾನೆ. ಅವನ ತಪ್ಪುಗಳೂ ಇದ್ದವು, ಅವನ್ನೂ ಮುಚ್ಚುವುದು ಬೇಡ. ಅಪ್ಪ ಎಲ್ಲಿ ಸೋತ, ಹೆಂಗ ತಿದ್ದಿಕೊಂಡ ಎಂದು ಕೇಳಿದ ಮಗ ನಾಳೆ ಒಳ್ಳೆಯ ಗಂಡನಾಗಲು ಕಲಿಯುತ್ತಾನೆ.

ಸಭೆಯಲ್ಲಿ ಚರ್ಚಿಸೋಣ

1. ದುಡಿದು ತಂದರೆ ಸಾಕೇ, ಒಳ್ಳೆಯ ಸಂಸಾರಸ್ಥನಿಗೆ ಇನ್ನೇನು ಬೇಕು?
2. ಮನೆಯ ಸಾಲ, ಕಷ್ಟ, ದುಃಖವನ್ನು ನಾವಿಬ್ಬರೂ ಕೂತು ಮಾತಾಡುತ್ತೇವೆಯೇ?
3. ಗಂಡನನ್ನು ಕಳಕೊಂಡ ನಮ್ಮ ಸದಸ್ಯೆ ಸಭೆಗೆ ಬರುವುದನ್ನು ಬಿಟ್ಟಿದ್ದಾಳೆಯೇ? ಕರೆಯಲು ಯಾರು ಹೋಗುತ್ತೀರಿ?

ಈ ತಿಂಗಳ ಕೆಲಸ

ತೀರಿಹೋದ ಅಪ್ಪ, ಗಂಡ, ಅಣ್ಣ ಅಥವಾ ಮಾವನ ಬಗ್ಗೆ ಮೂರು ಸಂಗತಿ ಮಕ್ಕಳ ಕೈಯಿಂದ ನೋಟಬುಕ್ಕಿನಲ್ಲಿ ಬರೆಸಿರಿ. ಬರೆಯಲು ಬಾರದಿದ್ದರೆ ಚಿಂತೆಯಿಲ್ಲ, ನೀವು ಹೇಳಿರಿ, ಅವರು ಬರೆಯಲಿ. ಮುಂದಿನ ಸಭೆಯಲ್ಲಿ ಒಬ್ಬೊಬ್ಬರಾಗಿ ಓದೋಣ. ಓದುವಾಗ ಕಣ್ಣೀರು ಬಂದರೆ ಬರಲಿ, ಪಕ್ಕದಾಗ ನಾವಿರ್ತೀವಿ.