ಕೀಲಿಮಣೆಯ ಅಡ್ಡದಾರಿಗಳು

ಹಳೆಯ ಗಣಕಯಂತ್ರಕ್ಕೂ ಭಾರವಾಗದ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್ ವ್ಯವಸ್ಥೆಯು 1996ರಲ್ಲಿ ಆರಂಭವಾಯಿತು. ಇದರಲ್ಲಿ ಕೀಲಿಗಳಿಗೆ ಬೇಕಾದ ಆಜ್ಞೆಗಳನ್ನು ನಾವೇ ನಿಯಮಿಸಿಕೊಳ್ಳಬಹುದು. ಮೌಸ್ ಹಿಡಿಯಲು ಕೈ ಸಾಗದವರಿಗೆ ಇದು ಬರಿಯ ಅನುಕೂಲವಲ್ಲ, ಬರೆಯುವ ದಾರಿಯೇ ಸರಿ.

ಸೋದರಿಯರೇ, ಸೆಟ್ಟಿಂಗ್ಸ್‌ನೊಳಗಿನ ‘ಕೀಬೋರ್ಡ್’ ಎಂಬುದನ್ನು ತೆರೆದು, ‘ಅಪ್ಲಿಕೇಶನ್ ಶಾರ್ಟ್‌ಕಟ್ಸ್’ ಪುಟದಲ್ಲಿ ‘ಆಡ್’ ಒತ್ತಿ, ಮೊದಲು ಆಜ್ಞೆಯನ್ನು ಬರೆದು, ಬಳಿಕ ಕೀಲಿಗಳನ್ನು ಕೂಡಿಸಿ ಒತ್ತತಕ್ಕದ್ದು. ಕಿಟಕಿಗಳನ್ನು ಮುಚ್ಚುವ, ಸರಿಸುವ ಕೀಲಿಗಳು ಮಾತ್ರ ‘ವಿಂಡೋ ಮ್ಯಾನೇಜರ್’ನಲ್ಲಿವೆ, ಹೊಸಬರು ಅವನ್ನು ಇಲ್ಲಿ ಹುಡುಕಿ ಬೇಸರಪಡುವುದುಂಟು.

ಆದರೆ ಕಂಟ್ರೋಲ್‌ನೊಡನೆ ಎಸ್ ಎಂಬ ಜೋಡಿಯನ್ನು ಮುಟ್ಟಬೇಡಿರಿ. ಅದನ್ನು ಇಲ್ಲಿ ಬೇರೆ ಕೆಲಸಕ್ಕೆ ನಿಯಮಿಸಿದರೆ, ಬರೆದುದನ್ನು ಉಳಿಸಬೇಕೆಂಬ ಸೂಚನೆಯು ಆ ಕೀಲಿಗಳಿಂದ ಯಾವ ಕಾರ್ಯಕ್ರಮಕ್ಕೂ ತಲಪದು. ಬರೆದವಳಿಗೆ ಅದು ತಿಳಿಯದೆಯೂ ಹೋಗಬಹುದು. ಸೂಪರ್ ಕೀಲಿಯೊಡನೆ ಕೂಡಿಸುವುದೇ ಕ್ಷೇಮ. ಅದನ್ನು ಕಾರ್ಯಕ್ರಮಗಳು ಬಹುಮಟ್ಟಿಗೆ ಬಳಸುವುದಿಲ್ಲ.