ಸೀಮೆಸುಣ್ಣ ಕಿಸೆಯಲ್ಲೇ ಉಳಿಯಿತು

ಸಿಂಧನೂರಿನಲ್ಲಿ ಸ್ಟುಡಿಯೋ ಇಟ್ಟ ಮೊದಲ ಹತ್ತು ವರ್ಷ, ಫೋಟೊ ತೆಗೆಯುವ ಜಾಗ ಅಂದರೆ ನನಗೆ ಹಂಪಿ ಒಂದೇ. ಮದುವೆ ಗೊತ್ತಾದ ಜೋಡಿ ಬಂತೆಂದರೆ ನಸುಕಿನಲ್ಲೇ ಗಾಡಿ ಮಾಡಿಸಿ ಗಂಗಾವತಿಯ ದಾರಿ ಹಿಡಿಯುವುದು. ಹೇಮಕೂಟ ಹತ್ತಿದರೆ ನಮ್ಮಂಥವೇ ಆರೇಳು ಜೋಡಿ, ಆರೇಳು ಕ್ಯಾಮೆರಾ. ಒಬ್ಬರ ಚೌಕಟ್ಟಿನಲ್ಲಿ ಇನ್ನೊಬ್ಬರ ಮದುಮಗಳು. ಪ್ರಾಗ್ ಪಟ್ಟಣದಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಒಮ್ಮೆ ಫೋನಿನಲ್ಲಿ, ‘ಮಾಮಾ, ಇಲ್ಲಿ ಚಾರ್ಲ್ಸ್ ಸೇತುವೆ ಮ್ಯಾಲೆ ಹೊತ್ತು ಹುಟ್ಟೂಕಿಂತ ಮೊದಲಾ ಬಂದು ಟ್ರೈಪಾಡ್ ಊರಿ ನಿಂತಿರ್ತಾರ’ ಅಂದಾಗ ನಗು ಬಂತು. ಹಳೇ ಊರಿನ ಹಣೆಬರಹ ಎಲ್ಲಾ ಕಡೆ ಒಂದೇ.

ಹಂಪಿಯ ಚಟ ಬಿಡಿಸಿದ್ದು ತುಂಗಭದ್ರಾ ಎಡದಂಡೆ ಕಾಲುವೆ. ಊರ ಪಕ್ಕದ ಕ್ಯಾಂಪೊಂದರ ಹುಡುಗನ ಮದುವೆ. ನಾಟಿಯ ದಿನಗಳು. ‘ಆಳು ಸಿಕ್ಕಾವ್ರೀ, ಇವತ್ತು ಗದ್ದಿ ಬಿಟ್ಟು ಬರಾಕ ಆಗಂಗಿಲ್ಲ, ನೀವಾ ಇಲ್ಲಿಗಿ ಬರ್ರಿ’ ಅಂದ. ಸಿಟ್ಟಿನಲ್ಲೇ ಹೋದೆ. ಕೆಸರು ಹದ ಮಾಡಿ ನೀರು ನಿಲ್ಲಿಸಿದ ಗದ್ದೆ. ಅರ್ಧಕ್ಕೆ ಸಸಿ ಹಚ್ಚಿಯಾಗಿದೆ, ಇನ್ನರ್ಧ ಖಾಲಿ. ಸಂಜೆಯ ಆಕಾಶವೆಲ್ಲ ಆ ಖಾಲಿ ಅರ್ಧದಲ್ಲಿ ಬಿದ್ದಿತ್ತು. ಇಬ್ಬರನ್ನೂ ಬದುವಿನ ಮೇಲೆ ನಡೆಸಿ, ನಾನು ಎದುರು ಬದುವಿನಲ್ಲಿ ಮೊಣಕಾಲೂರಿ ಕ್ಯಾಮೆರಾವನ್ನು ನೀರಿಗೆ ಒಂದು ಗೇಣು ಮೇಲೆ ಹಿಡಿದೆ. ನಿಂತು ತೆಗೆದಾಗ ಬರೀ ಕೆಸರು ಕಂಡಿದ್ದ ಜಾಗದಲ್ಲಿ ಈಗ ನಾಲ್ಕು ಜನ: ಮೇಲಿಬ್ಬರು, ಕೆಳಗಿಬ್ಬರು. ಆ ಕನ್ನಡಿ ಬಹಳ ದಿನ ಇರುವುದಿಲ್ಲ. ಸಸಿ ತೆಂಡೆಯೊಡೆದು ಹಬ್ಬಿತೋ, ನೀರು ಮುಚ್ಚಿಹೋಗುತ್ತದೆ. ಅಂದಿನಿಂದ ಕಾಲುವೆಗೆ ನೀರು ಬಿಡುವ ಸುದ್ದಿಯನ್ನು ರೈತರಿಗಿಂತ ಮೊದಲು ಪೇಪರಿನಲ್ಲಿ ಹುಡುಕುವವನು ನಾನು.

ಆಮೇಲೆ ಲಿಂಗಸುಗೂರಿನ ದಾರಿಗುಂಟ ಹುಡುಕುವ ಹುಚ್ಚು ಹತ್ತಿತು. ಆ ದಾರಿಯಲ್ಲಿ ಮೊದಲು ಸಿಗುವುದೇ ಮಸ್ಕಿ.

ಮಸ್ಕಿಯ ಅಶೋಕನ ಶಾಸನದ ಹೆಸರನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವನೇ ನಾನು. ಆದರೆ ಅರ್ಧ ಗಂಟೆಯ ದಾರಿಯಲ್ಲಿದ್ದರೂ ನಲವತ್ತು ದಾಟುವವರೆಗೆ ನೋಡಿರಲಿಲ್ಲ. ಮೊದಲ ಸಲ ಹೋಗಿದ್ದು ಉರಿ ಮಧ್ಯಾಹ್ನ. ದುರ್ಗದ ಗುಡ್ಡದ ಬಂಡೆಗಳ ನಡುವೆ ನೆರಳಿನಲ್ಲಿರುವ ಆ ಕಲ್ಲಿಗೆ ನೇರ ಫ್ಲ್ಯಾಶ್ ಹೊಡೆದೆ. ಬಂದದ್ದು ಸುಣ್ಣ ಬಳಿದ ಗೋಡೆಯಂಥ ಚಿತ್ರ. ಒಂದಕ್ಷರವಿಲ್ಲ. ಇನ್ನೊಮ್ಮೆ ಹೊಡೆದೆ, ಅದೂ ಹಾಗೇ.

ಮುಂದಿನ ವಾರ ಕಿಸೆಯಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಹೋದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಅಕ್ಷರದ ಗೀರುಗಳಲ್ಲಿ ಸೀಮೆಸುಣ್ಣ ತುಂಬಿ ಫೋಟೊ ತೆಗೆಯುವುದು ನನ್ನ ಉಪಾಯವಾಗಿತ್ತು. ಮಕ್ಕಳನ್ನು ಕರೆದುಕೊಂಡು ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಕೈ ನೋಡಿದರು. ಬೈಯಲಿಲ್ಲ. ‘ತಮ್ಮಾ, ಎರಡು ಸಾವಿರದ ಮ್ಯಾಲೆ ಎರಡು ನೂರು ವರ್ಷ ಆತು ಅದಕ್ಕ. ನಿನ್ನ ಸುಣ್ಣದ ಹಂಗಿಲ್ಲದಾ ಉಳದೈತಿ. ಬ್ಯಾಟರಿ ಐತೇನು?’ ಅಂದರು. ಮೊಬೈಲಿನ ಟಾರ್ಚ್ ಹಚ್ಚಿ ಕೊಟ್ಟೆ. ಅವರು ಅದನ್ನು ಕಲ್ಲಿನ ಎದುರು ಹಿಡಿಯದೆ, ಒಂದು ಮಗ್ಗುಲಿಗೆ ಸರಿದು ಬಂಡೆಯ ಮೈಗೆ ಸಮನಾಗಿ ಹಿಡಿದರು. ಬೆಳಕು ಕಲ್ಲನ್ನು ಸವರಿಕೊಂಡು ಹೋಯಿತು. ಉಳಿಯ ಪ್ರತಿ ಏಟಿನ ಒಂದಂಚು ಬೆಳಗಿ, ಇನ್ನೊಂದಂಚು ನೆರಳಾಗಿ, ಬ್ರಾಹ್ಮಿಯ ಸಾಲುಗಳು ಒಂದೊಂದೇ ಎದ್ದು ಬಂದವು. ಇಪ್ಪತ್ತು ವರ್ಷ ಮದುಮಕ್ಕಳ ಮುಖದ ಮೇಲೆ ಇದೇ ಮಗ್ಗುಲು ಬೆಳಕು ಬಿಟ್ಟು ಹೊಟ್ಟೆ ಹೊರೆದವನಿಗೆ ಕಲ್ಲಿಗೂ ಅದೇ ಬೇಕೆಂದು ಹೊಳೆದಿರಲಿಲ್ಲ!

ಆ ಬೆಳಕಿನಲ್ಲೇ ಮೇಷ್ಟ್ರು ಮೊದಲ ಸಾಲಿನ ಮೇಲೆ, ಕಲ್ಲಿಗೆ ತಾಕಿಸದೆ, ಬೆರಳಾಡಿಸಿದರು. ದೇವಾನಾಂಪ್ರಿಯ, ಆಮೇಲೆ ಅಶೋಕ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಬಂಡೆಬಂಡೆಗಳಲ್ಲಿ ಸಿಕ್ಕಿದ್ದು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು. ಆ ದೊರೆ ಅಶೋಕನೇ ಎನ್ನಲು ಸಿಂಹಳದ ಹಳೆಯ ಗ್ರಂಥಗಳ ಆಸರೆ ಬೇಕಾಗಿತ್ತು. ಚಿನ್ನದ ಗಣಿಯ ಎಂಜಿನಿಯರ್ ಬೀಡನ್ 1915ರಲ್ಲಿ ಈ ಕಲ್ಲನ್ನು ಕಂಡ ಮೇಲೆ, ಹೆಸರು ಕಲ್ಲಿನಲ್ಲೇ ಸಿಕ್ಕಿತು. ಎಚ್. ಕೃಷ್ಣಶಾಸ್ತ್ರಿ ಅದನ್ನು ಓದಿ ಅದೇ ವರ್ಷ ಪ್ರಕಟಿಸಿದರು. ಹೊಳೆಯಾಚೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಸಿಕ್ಕಿದ್ದು ಬಹಳ ತಡವಾಗಿ. ಚಿನ್ನ ಹುಡುಕುವವನಿಗೆ ಅಶೋಕ ಸಿಕ್ಕಿದ ಕತೆ ನನಗೆ ಇಷ್ಟ. ಹಟ್ಟಿಯ ಗಣಿ ಇಲ್ಲಿಂದ ದೂರವೇನಿಲ್ಲ.

ಮೇಷ್ಟ್ರು ಇನ್ನೊಂದು ಮಾತು ಹೇಳಿದರು: ಧರ್ಮದ ಹಾದಿ ದೊಡ್ಡವರಿಗಷ್ಟೇ ಅಲ್ಲ, ಸಣ್ಣವನೂ ಮುಟ್ಟಬಲ್ಲ ಎಂಬ ಅರ್ಥದ ಮಾತು ಶಾಸನದಲ್ಲಿದೆಯಂತೆ. ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಹುಡುಗ ಅದನ್ನು ಕೇಳಿ, ‘ಹಂಗಾರ ನಮಗೂ ಐತಿ ಬಿಡ್ರಿ’ ಅಂದ. ಸಂಜೆ ಬೆಳಕು ಯಾವ ಬಂಡೆ ಮೇಲೆ ಕೊನೆಗೆ ಆರುತ್ತದೆ ಎಂದು ತೋರಿಸಿದವನೂ ಅವನೇ. ಹೊತ್ತು ಮುಳುಗುವ ಲೆಕ್ಕ ಮೊಬೈಲು ಕೊಡುತ್ತದೆ, ನಿಜ. ಆದರೆ ಎದುರಿನ ಗುಡ್ಡ ಬಿಸಿಲನ್ನು ಎಷ್ಟು ಮೊದಲೇ ನುಂಗುತ್ತದೆ ಎಂಬುದು ಕುರಿ ಹೊಡೆದುಕೊಂಡು ಇಳಿಯುವವನಿಗೇ ಗೊತ್ತು.

ಮುದಗಲ್ ಕೋಟೆಯಲ್ಲಿ ನನ್ನ ತಪ್ಪು ಬೇರೆ ಥರದ್ದು. ಚಳಿಗಾಲದ ಮದುವೆಗಳಿಗೆ ಫತೇ ದರ್ವಾಜದ ಮುಂದೆ ಬೆಳಗ್ಗೆ ಬಿಸಿಲಿಗೆ ಕಾದೆ, ಮಧ್ಯಾಹ್ನ ಕಾದೆ, ಸಂಜೆಗೂ ಕಾದೆ. ಬಾಗಿಲಿನ ಮೇಲೆ ಬಿಸಿಲು ಬೀಳಲೇ ಇಲ್ಲ. ಬಾಗಿಲು ಉತ್ತರಕ್ಕೆ ಮುಖ ಮಾಡಿದೆ. ಚಳಿಗಾಲದಲ್ಲಿ ಸೂರ್ಯ ಇಡೀ ದಿನ ತೆಂಕಣದಲ್ಲೇ ಓಡಾಡುತ್ತಾನೆ. ಇಷ್ಟು ತಿಳಿಯಲು ಎರಡು ಡಿಸೆಂಬರ್ ಬೇಕಾಯಿತು. ಗೋಡೆಯ ಆ ದೈತ್ಯ ಕಲ್ಲುಗಳ ಉಬ್ಬುತಗ್ಗು ತೋರಿಸಬೇಕೆಂದರೆ ಮೇ, ಜೂನ್‌ನಲ್ಲಿ ಹೋಗಬೇಕು. ಆಗ ಈಶಾನ್ಯಕ್ಕೆ ಸರಿದು ಹುಟ್ಟುವ ಬಿಸಿಲು ಗೋಡೆಯನ್ನು ಓರೆಯಾಗಿ ಸವರುತ್ತದೆ. ಎಂಟು ಗಂಟೆಯೊಳಗೆ ಮುಗಿಸಿ ಹೊರಡಬೇಕು, ಇಲ್ಲವಾದರೆ ಮದುಮಗಳ ಮುಖದ ಬಣ್ಣ ಕುತ್ತಿಗೆಗೆ ಇಳಿಯುತ್ತದೆ. ಚಳಿಗಾಲದಲ್ಲಿ ಅದೇ ಬಾಗಿಲು ಇಡೀ ದಿನ ತಣ್ಣನೆಯ ನೆರಳು. ಮುಖಗಳಿಗೆ ಅದಕ್ಕಿಂತ ಒಳ್ಳೆಯ ಬೆಳಕಿಲ್ಲ, ರಿಫ್ಲೆಕ್ಟರ್ ಹಿಡಿಯುವ ಹುಡುಗನಿಗೆ ರಜೆ. ಮುದಗಲ್ಲಿನ ಅಕ್ಕಸಾಲಿಗನ ಮಗಳಿಗಾಗಿ ದೇವರಾಯನಿಗೂ ಫಿರೋಜ್ ಶಾಹನಿಗೂ 1406ರಲ್ಲಿ ಯುದ್ಧವಾಯಿತೆಂದು ಫರಿಶ್ತಾ ಬರೆದಿದ್ದಾನೆ. ಈ ಕತೆಯನ್ನು ಜೋಡಿಗಳಿಗೆ ಹೇಳಿದರೆ ಹುಡುಗಿಯರು ಹುಡುಗನ ಕಡೆ ಒಂಥರಾ ನೋಡುತ್ತಾರೆ. ಕ್ಲಿಕ್ಕಿಸುವುದು ಆಗ.

ಮುದಗಲ್ ಮೊಹರಂನಲ್ಲಿ ಮಾತ್ರ ಜಾಗ ಹುಡುಕುವ ವಿದ್ಯೆ ಕೈಕೊಟ್ಟಿತು. ಮಾಳಿಗೆ ಹತ್ತಿ ಉದ್ದ ಲೆನ್ಸ್ ಹಚ್ಚಿ ಕೂತವನಿಗೆ ಸಿಕ್ಕಿದ್ದು ಬರೀ ತಲೆಗಳು. ಆ ಮನೆಯ ಅಜ್ಜಿ, ‘ಇಳದು ಬಾರಪ್ಪ, ದೇವರ ಬರೋದು ಕೆಳಗ’ ಅಂತ ಕೂಗಿ, ಕೈಗೊಂದು ಚೊಂಗೆ ಕೊಟ್ಟಳು. ಇಳಿದೆ. ಸಕ್ಕರೆ ಓದಿಸಲು ಬಂದವರ ಸಾಲಿನಲ್ಲಿ ಮೈಗೆ ಮೈ ತಾಗಿಸಿ ನಿಂತು, ಚಿಕ್ಕ ಲೆನ್ಸಿನಲ್ಲಿ ತೆಗೆದ ಮೂರೇ ಮೂರು ಚಿತ್ರ ಇವತ್ತಿಗೂ ನನ್ನ ಹತ್ತಿರ ಇವೆ. ಸಕ್ಕರೆ ಪುಡಿಕೆ ಹಿಡಿದ ಕೈಗಳು ಮಾತ್ರ.

ಕೃಷ್ಣಾ ನದಿಯ ಜಲದುರ್ಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಳೆಗಾಲದಲ್ಲಿ ಹೊರಡುವವರು ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಹೊಳೆ ಏರಿದರೆ ಶೀಲಹಳ್ಳಿ ಸೇತುವೆ ಮುಳುಗುತ್ತದೆ. ಆ ನೀರನ್ನು ದೂರದಿಂದ ತೆಗೆದರೂ ಚಿತ್ರ ಚಿತ್ರವೇ.

ಮಸ್ಕಿಯ ಕಲ್ಲಿನ ಮೊದಲ ಸಾಲಿನ ಫೋಟೊ ದೊಡ್ಡದು ಮಾಡಿಸಿ ಸ್ಟುಡಿಯೋದಲ್ಲಿ ಹಾಕಿದ್ದೇನೆ. ಮೊನ್ನೆ ಪಾಸ್‌ಪೋರ್ಟ್ ಫೋಟೊಗೆ ಬಂದ ಹುಡುಗ ತಲೆ ಬಾಚುತ್ತಾ ಕೇಳಿದ: ‘ಅದೇನ್ರೀ ಅಣ್ಣಾರ, ಬಂಡಿ ಮ್ಯಾಲೆ ಯಾರೋ ಕೆತ್ತ್ಯಾರಲ್ಲ?’

‘ಅಶೋಕ ಅಂತ ಬರದೈತಿ.’

‘ಬರೇ ಅಶೋಕ? ಹುಡಿಗಿ ಹೆಸರು ಇಲ್ಲೇನ್ರೀ?’